ಕಡಲು ಸೇರುವ ನೀರಿಗೆ ‘ವ್ಯರ್ಥ’ ಅನ್ನಬೇಡಿ

ನಮ್ಮ ರಾಜ್ಯದಲ್ಲಿ ಸರ್ಕಾರ ಯಾರದ್ದೇ ಇರಲಿ, ಮಳೆಗಾಲ ಬಂತು ಅಂದರೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತೆ: “ಇಷ್ಟು ಟಿಎಂಸಿ ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ.” ಮಂತ್ರಿಗಳು ಹೇಳ್ತಾರೆ, ವಿರೋಧ ಪಕ್ಷದವರು ಹೇಳ್ತಾರೆ, ಡ್ಯಾಮಿನ ಮುಂದೆ ಮೈಕ್ ಹಿಡಿದು ನಿಂತ ಟಿವಿ ವರದಿಗಾರರು ಹೇಳ್ತಾರೆ, ಆಫೀಸಿನ ಕೆಫೆಟೇರಿಯಾದಲ್ಲಿ ಕಾಫಿ ಹೀರುತ್ತಾ ನಾವೂ ಹೇಳ್ತೀವಿ. ಬೇರೆ ಯಾವ ವಿಷಯಕ್ಕೂ ಒಂದಾಗದ ಕರ್ನಾಟಕ ಈ ಒಂದು ಮಾತಿಗೆ ಒಂದಾಗುತ್ತೆ. ಇಷ್ಟು ಜನ ಒಟ್ಟಿಗೆ ಒಪ್ಪಿದ್ದಾರೆ ಅಂದರೆ ಆ ಮಾತನ್ನು ಒಮ್ಮೆಯಾದರೂ ತಿರುಗಿಸಿ ನೋಡಬೇಕಲ್ವಾ? ನೋಡಿದ್ದೀನಿ. ಅದು ತಪ್ಪು ಮಾತು. ನಮ್ಮ ಕರಾವಳಿಯನ್ನು ಹಾಳು ಮಾಡುತ್ತಿರುವುದರಲ್ಲಿ ಬಂದರು, ರೆಸಾರ್ಟು, ಪ್ಲಾಸ್ಟಿಕ್ಕಿಗೆ ಎಷ್ಟು ಪಾಲಿದೆಯೋ ಈ ಒಂದು ಪದಕ್ಕೂ ಅಷ್ಟೇ ಪಾಲಿದೆ.

ಇದನ್ನು ಹೇಳುತ್ತಿರುವವನು ಕರಾವಳಿಯವನಲ್ಲ. ನಮ್ಮೂರು ತಿ. ನರಸೀಪುರ ತಾಲೂಕಿನ ಹೆಮ್ಮಿಗೆ. ಕಾವೇರಿ ದಂಡೆ, ಹತ್ತಿರದಲ್ಲೇ ತಲಕಾಡು, ಪಕ್ಕದಲ್ಲೇ ಮಾಧವಮಂತ್ರಿ ಅಣೆಕಟ್ಟೆ. ನಾಲೆ ನೀರಲ್ಲಿ ಭತ್ತ ಬೆಳೆದು, ಆ ದುಡ್ಡಲ್ಲಿ ಬಿಇ ಓದಿ, ಈಗ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿರುವ ಜನ ನಾವು. ನೀರನ್ನು ತಡೆದು ನಿಲ್ಲಿಸುವುದು ಪಾಪ ಅಂತ ಹೇಳುವ ಯೋಗ್ಯತೆ ನನಗಿಲ್ಲ, ಹಾಗೆ ಹೇಳುವ ಮನಸ್ಸೂ ಇಲ್ಲ. ಅಂದಹಾಗೆ, ನಿಮ್ಮ ಅಪಾರ್ಟ್‌ಮೆಂಟಿನ ನಲ್ಲಿಯಲ್ಲಿ ಬರುವ ಕಾವೇರಿಯೂ ನಮ್ಮೂರ ಪಕ್ಕದಲ್ಲೇ ಹರಿದು ಹೋಗಿ, ಮುಂದೆ ತೊರೆಕಾಡನಹಳ್ಳಿಯಲ್ಲಿ ಪಂಪ್ ಆಗಿ ನಿಮ್ಮ ಹತ್ತಿರ ಬರೋದು. ಹಾಗಾಗಿ ಈ ಲೆಕ್ಕದಲ್ಲಿ ನಾನೂ ನೀವೂ ಒಂದೇ ಕಡೆಯವರು: ನೀರು ತೆಗೆದುಕೊಂಡವರ ಕಡೆಯವರು.

ಮೊದಲು ನಮ್ಮ ಕಾವೇರಿಯ ಲೆಕ್ಕವನ್ನೇ ನೋಡಿ. 2007ರಲ್ಲಿ ಕಾವೇರಿ ನ್ಯಾಯಮಂಡಳಿ ಅಂತಿಮ ತೀರ್ಪು ಕೊಟ್ಟಾಗ ಹಂಚಿದ್ದು ಒಟ್ಟು 740 ಟಿಎಂಸಿ. ಕರ್ನಾಟಕಕ್ಕೆ 270, ತಮಿಳುನಾಡಿಗೆ 419, ಕೇರಳಕ್ಕೆ 30, ಪುದುಚೇರಿಗೆ 7. 2018ರಲ್ಲಿ ಸುಪ್ರೀಂ ಕೋರ್ಟು ನಮ್ಮ ಪಾಲನ್ನು 284.75ಕ್ಕೆ ಏರಿಸಿತು, ತಮಿಳುನಾಡಿನದು 404.25ಕ್ಕೆ ಇಳಿಯಿತು. ಇದೆಲ್ಲ ನಮಗೆ ಬಾಯಿಪಾಠ. ಆದರೆ ಅದೇ ಪಟ್ಟಿಯ ಕೊನೆಯಲ್ಲಿ ಇನ್ನೆರಡು ಸಾಲುಗಳಿವೆ, ಅವುಗಳ ಬಗ್ಗೆ ಯಾವ ಬಂದ್‌ನಲ್ಲೂ ಯಾರೂ ಘೋಷಣೆ ಕೂಗಿಲ್ಲ. ಪರಿಸರ ರಕ್ಷಣೆಗೆ 10 ಟಿಎಂಸಿ. ತಡೆಯಲಾಗದೆ ಸಮುದ್ರಕ್ಕೆ ತಪ್ಪಿಸಿಕೊಂಡು ಹೋಗುವ ನೀರು ಅಂತ 4 ಟಿಎಂಸಿ.

ಆ ಪದ ಗಮನಿಸಿ. ಸಮುದ್ರಕ್ಕೆ ‘ಕೊಡುವ’ ನೀರು ಅಂತಿಲ್ಲ, ‘ತಪ್ಪಿಸಿಕೊಂಡು ಹೋಗುವ’ ನೀರು ಅಂತಿದೆ. ನೂರು ರೂಪಾಯಿ ಹಂಚುವಾಗ ಐವತ್ತನಾಲ್ಕು ಪೈಸೆ ಜೇಬಿನ ತೂತಿನಿಂದ ಉದುರಿಹೋಯ್ತು ಅನ್ನೋ ಹಾಗೆ. ಮಳೆ ಚೆನ್ನಾಗಿ ಆದ ವರ್ಷ ಇದಕ್ಕಿಂತ ಬಹಳ ಹೆಚ್ಚು ನೀರು ಹರಿಯುತ್ತೆ, ನಿಜ. ಆದರೆ ಅದು ಮಳೆರಾಯನ ಔದಾರ್ಯ, ನಮ್ಮದಲ್ಲ. ನದಿ ತನ್ನ ಊರು ಸೇರುವುದಕ್ಕೆ ನಾವು ಇಟ್ಟಿರುವ ಹೆಸರೇ ಕಳ್ಳತನದ್ದು. ಕಾವೇರಿ ಮುಖಜಭೂಮಿಯ ಸುತ್ತ ಏನಿದೆ? ಕೊಳ್ಳಿಡಂ ಬಾಯಿಯ ಬಳಿ ಪಿಚ್ಚಾವರಂನ ಮ್ಯಾಂಗ್ರೋವ್ ಕಾಡಿದೆ. ದಕ್ಷಿಣದ ತುದಿಯಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುವ ಕೋಡಿಯಕ್ಕರೈ ಇದೆ. ನಾಗಪಟ್ಟಣಂ ಕಡೆಯ ಗದ್ದೆಗಳ ಅಡಿಯಲ್ಲಿ ಉಪ್ಪುನೀರು ಒಳಗೊಳಗೇ ನುಗ್ಗುತ್ತಿದೆ. “ಅದು ತಮಿಳುನಾಡಿನ ತಲೆನೋವು, ನಮಗೇನು” ಅಂತೀರಾ? ಸರಿ, ವಾದಕ್ಕಾದರೂ ಒಪ್ಪೋಣ. ಹಾಗಾದರೆ ತಮಿಳುನಾಡು ನಡುವೆ ಬಾರದ ನಮ್ಮದೇ ಕರಾವಳಿಗೆ ಬನ್ನಿ.

ಕರ್ನಾಟಕದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆ: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಒಂದಕ್ಕೂ ಸಮುದ್ರ ತಾಗಿಲ್ಲ. ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿ ಇರುವ ರಾಜ್ಯ ಇದು. ಗುಜರಾತಿನವರು ಕಛ್ ಕೊಲ್ಲಿಯಲ್ಲಿ 1982ರಲ್ಲೇ ಕಡಲ ರಾಷ್ಟ್ರೀಯ ಉದ್ಯಾನ ಮಾಡಿದರು, ತಮಿಳುನಾಡಿನವರು 1986ರಲ್ಲಿ ಮನ್ನಾರ್ ಕೊಲ್ಲಿಯ 21 ದ್ವೀಪಗಳನ್ನು ಸೇರಿಸಿ ಇನ್ನೊಂದು ಮಾಡಿದರು. ನಮ್ಮಲ್ಲಿ ಹೊನ್ನಾವರ ತಾಲೂಕಿನ ಅಪ್ಸರಕೊಂಡ–ಮುಗಳಿ ಭಾಗಕ್ಕೆ ಕಡಲ ವನ್ಯಧಾಮ ಅಂತ ಸರ್ಕಾರ ಒಪ್ಪಿಗೆ ಕೊಟ್ಟಿದ್ದೇ ಮೊನ್ನೆ ಮೊನ್ನೆ.

ಯಾಕೆ ಹೀಗೆ? ನನಗನ್ನಿಸೋದು ಇಷ್ಟು. ಹುಲಿ, ಆನೆ, ದಟ್ಟ ಕಾಡು ಇದ್ದರೆ ಅದು ನಮ್ಮ ಕಣ್ಣಿಗೆ ‘ಪ್ರಕೃತಿ’. ನದಿ ಕಡಲು ಸೇರುವ ಜಾಗ ಅಂದರೆ ಕೆಸರು, ವಾಸನೆ, ಸೊಳ್ಳೆ. ಅಲ್ಲಿ ಏನೋ ಒಂದು ಮುಗಿದುಹೋಗುತ್ತೆ ಅಂತ ನಮ್ಮ ಭಾವನೆ. ಲಾಂಗ್ ವೀಕೆಂಡಿಗೆ ಗೋಕರ್ಣಕ್ಕೆ ಹೋಗ್ತೀವಿ, ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡ್ತೀವಿ, ಹೊನ್ನಾವರದಲ್ಲಿ ಕಾಂಡ್ಲಾ ಗಿಡಗಳ ನಡುವಿನ ಬೋರ್ಡ್‌ವಾಕ್ ಮೇಲೆ ನಿಂತು ಫೋಟೋ ಹಾಕ್ತೀವಿ. ಕಾಸರಕೋಡು, ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಾಗ ಹೆಮ್ಮೆಯಿಂದ ಶೇರ್ ಮಾಡಿದೆವು. ಆದರೆ ಆ ಮರಳು ಎಲ್ಲಿಂದ ಬಂತು, ತಟ್ಟೆಯಲ್ಲಿರುವ ಸಿಗಡಿ ಎಲ್ಲಿ ಬೆಳೆಯಿತು ಅಂತ ಕೇಳಿಕೊಳ್ಳುವುದಿಲ್ಲ.

ಉತ್ತರ ಬೇಕಿದ್ದರೆ ಅಘನಾಶಿನಿ ನೋಡಿ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲೂಕಿನಲ್ಲಿ ತದಡಿ ಹತ್ತಿರ ಸಮುದ್ರ ಸೇರುವ ನದಿ. ಹುಟ್ಟಿದಲ್ಲಿಂದ ಕಡಲವರೆಗೆ ದೊಡ್ಡ ಅಣೆಕಟ್ಟೆ ಇಲ್ಲದ, ನಮ್ಮಲ್ಲಿ ಉಳಿದಿರುವ ಕೆಲವೇ ಹೊಳೆಗಳಲ್ಲಿ ಒಂದು. ಸಿಹಿನೀರು ಉಪ್ಪುನೀರು ಎರಡೂ ಬೆರೆಯುವ ಅದರ ಬಾಯಿಗೆ ಅಲ್ಲಿಯವರು ಅಳಿವೆ ಅಂತಾರೆ. 4,801 ಹೆಕ್ಟೇರಿನ ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿತು.

ಅಲ್ಲಿ ‘ವ್ಯರ್ಥ’ವಾಗುವ ನೀರು ಏನು ಮಾಡುತ್ತೆ ಅಂತ ಕೇಳಿ. ಮಳೆಗಾಲದಲ್ಲಿ ಘಟ್ಟದಿಂದ ಇಳಿದು ಬಂದ ಸಿಹಿನೀರು ಗಜನಿ ಭೂಮಿಯ ಉಪ್ಪು ತೊಳೆಯುತ್ತೆ. ಆಮೇಲೆ ಅಲ್ಲಿ ಕಗ್ಗ ಅನ್ನೋ ಭತ್ತ ಬೆಳೀತಾರೆ. ಉಪ್ಪನ್ನೂ ತಡೆಯುವ, ನೆರೆಯಲ್ಲಿ ಮುಳುಗಿದರೂ ತಲೆಯೆತ್ತುವ ತಳಿ ಅದು. ಭತ್ತದ ಗದ್ದೆಯಲ್ಲೇ ಬೆಳೆದ ನನಗೂ ಉಪ್ಪುನೀರಿನ ಪಕ್ಕ ಭತ್ತ ಅಂದರೆ ನಂಬೋಕೆ ಕಷ್ಟ ಆಗುತ್ತೆ. ಕೊಯ್ಲಾದ ಮೇಲೆ ಅದೇ ಗಜನಿಗೆ ಉಬ್ಬರದ ನೀರು ಬಂದು ಸಿಗಡಿ, ಮೀನು ಬೆಳೆಯುತ್ತವೆ. ಇಳಿತ ಬಂದಾಗ ಅಳಿವೆಯ ಕೆಸರಲ್ಲಿ ಹೆಂಗಸರು, ಗಂಡಸರು ಸಾಲಾಗಿ ಬಗ್ಗಿ ಬಳಚು ಹೆಕ್ಕುತ್ತಾರೆ. ಚಿಪ್ಪಿನೊಳಗಿನ ಮಾಂಸ ಅಡುಗೆಮನೆಗೆ, ಉಳಿದದ್ದು ಪೇಟೆಗೆ. ಬಂಡವಾಳ ಇಲ್ಲ, ಬೋಟ್ ಇಲ್ಲ, ಡೀಸೆಲ್ ಇಲ್ಲ. ಕೈ, ಬುಟ್ಟಿ, ಉಬ್ಬರ–ಇಳಿತದ ತಿಳಿವಳಿಕೆ ಸಾಕು. ಕಡಲಿನ ಎಷ್ಟೋ ಜಾತಿಯ ಮೀನು, ಸಿಗಡಿಯ ಮರಿಗಳು ಕಾಂಡ್ಲಾ ಬೇರುಗಳ ನಡುವೆ ಅಡಗಿ ಬೆಳೆದು, ಆಮೇಲೆ ಸಮುದ್ರಕ್ಕೆ ಹೋಗ್ತವೆ. ಇಷ್ಟೆಲ್ಲ ನಡೆಯುವ ಜಾಗವನ್ನು ನಾವು ಕಾಗದದ ಮೇಲೆ ‘ಸಮುದ್ರಪಾಲು’ ಅನ್ನೋ ಒಂದೇ ಪದದಲ್ಲಿ ಮುಗಿಸಿಬಿಡ್ತೀವಿ.

ಅದೇ ಜಿಲ್ಲೆಯಲ್ಲಿ ಸ್ವಲ್ಪ ದಕ್ಷಿಣಕ್ಕೆ ಬಂದರೆ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದೆವು, ರಾಜ್ಯಕ್ಕೆ ಬೆಳಕು ಬಂತು. ಅದನ್ನು ಅಲ್ಲಗಳೆಯೋದಿಲ್ಲ. ಆದರೆ ಹೊನ್ನಾವರದ ಅಳಿವೆಗೆ ಏನಾಯ್ತು? ಇಲ್ಲೊಂದು ವಿಚಿತ್ರ ಇದೆ. ವಿದ್ಯುತ್ ತಯಾರಿಸಿದ ನೀರು ವರ್ಷವಿಡೀ ಕೆಳಗೆ ಹರಿಯುವುದರಿಂದ ಬೇಸಿಗೆಯಲ್ಲೂ ಅಲ್ಲಿಗೆ ಸಿಹಿನೀರು ಬರುತ್ತೆ. ಬೇಸಿಗೆಯಲ್ಲಿ ಏರಬೇಕಾದ ಉಪ್ಪಿನಂಶ ಏರೋದಿಲ್ಲ. ಉಪ್ಪು ಬೇಕಾದ ಚಿಪ್ಪುಜೀವಿಗಳು ಅಲ್ಲಿಂದ ಮರೆಯಾದವು, ಅಘನಾಶಿನಿಯಲ್ಲಿ ಸಿಗುವಷ್ಟು ಬಗೆಯ ಮೀನು ಅಲ್ಲಿ ಸಿಗೋದಿಲ್ಲ. ಅಂದರೆ ಅಳಿವೆಗೆ ಎಷ್ಟು ನೀರು ಬರುತ್ತೆ ಅನ್ನೋದರ ಜೊತೆಗೆ ಯಾವಾಗ ಬರುತ್ತೆ ಅನ್ನೋದೂ ಮುಖ್ಯ. ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಸಣ್ಣ ಹರಿವು: ಇದು ನದಿಯ ಟೈಮ್‌ಟೇಬಲ್. ಅದನ್ನು ಬದಲಿಸಿದರೆ ನೀರಿದ್ದರೂ ಅಳಿವೆ ಬಡವಾಗುತ್ತೆ.

ಇನ್ನು ಮರಳು. ನದಿ ಬರೀ ನೀರು ತರೋದಿಲ್ಲ, ಹೂಳು ತರುತ್ತೆ, ಮರಳು ತರುತ್ತೆ. ಬೀಚು ಅಂದರೆ ಬಹುಪಾಲು ಅದೇ. ನೀರನ್ನು ತಡೆದರೆ ಮರಳೂ ಡ್ಯಾಮಿನ ಹಿಂದೆ ನಿಲ್ಲುತ್ತೆ. ಉಳಿದದ್ದನ್ನು ರಾತ್ರಿ ಲಾರಿಗಳು ಹೊತ್ತೊಯ್ಯುತ್ತವೆ. ಆಮೇಲೆ ಪ್ರತಿ ಮಳೆಗಾಲದಲ್ಲೂ ಉಳ್ಳಾಲದಂಥ ಊರುಗಳಲ್ಲಿ ಕಡಲ್ಕೊರೆತ. ತೆಂಗಿನಮರ ಉರುಳಿದವು, ಮನೆ ಕುಸಿಯಿತು ಅಂತ ಸುದ್ದಿ. ಕೋಟಿಗಟ್ಟಲೆ ಸುರಿದು ಕಡಲಿಗೆ ಬಂಡೆ ಹಾಕುವ ಟೆಂಡರ್. ಕಡಲ್ಕೊರೆತಕ್ಕೆ ಬೇರೆ ಕಾರಣಗಳೂ ಇವೆ, ಬಂದರಿನ ತಡೆಗೋಡೆಗಳೂ ಅದರಲ್ಲಿ ಸೇರಿವೆ. ಆದರೆ ಮೇಲಿಂದ ಬರಬೇಕಾದ ಮರಳು ನಿಲ್ಲಿಸಿ ಕೆಳಗೆ ಕಲ್ಲು ಸುರಿಯುವುದನ್ನು ಏನಂತ ಕರೀಬೇಕು? ಹೊಳೆಗೆ ಕೈ ಹಾಕಿದರೆ ಮರಳು ಏನು ಮಾಡಬಹುದು ಅಂತ ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ತಲಕಾಡಿನ ದೇವಸ್ಥಾನಗಳು ಮರಳಲ್ಲಿ ಹೂತದ್ದಕ್ಕೆ ಅಲಮೇಲಮ್ಮನ ಶಾಪ ಕಾರಣ ಅಂತ ಊರವರು ಹೇಳ್ತಾರೆ. ವಿಜಯನಗರ ಕಾಲದ ಮಾಧವಮಂತ್ರಿ ಅಣೆಕಟ್ಟೆಯಿಂದ ಹರಿವು ಬದಲಾಗಿ, ಪಾತ್ರದ ಮರಳು ಬಯಲಿಗೆ ಬಿದ್ದು ಗಾಳಿಗೆ ಹಾರಿತು ಅನ್ನುವ ಸಂಶೋಧಕರೂ ಇದ್ದಾರೆ. ಶಾಪ ಯಾರದ್ದೇ ಇರಲಿ, ಮರಳು ಮಾತ್ರ ನಮ್ಮ ಕಣ್ಣೆದುರಿಗೇ ಇದೆ.

ಈಗ ಸರ್ಕಾರದ ಎರಡು ಕೈಗಳನ್ನು ಒಟ್ಟಿಗೆ ನೋಡಿ. ಪಶ್ಚಿಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಸಮುದ್ರಕ್ಕಿಳಿಯುವ ಹಾಗಿಲ್ಲ. ಯಾಕೆ? ಮೀನು ಮರಿ ಮಾಡುವ ಕಾಲ. ಎರಡು ತಿಂಗಳ ದುಡಿಮೆ ಬಿಟ್ಟು ದಡದಲ್ಲಿ ಕೂರಿ ಅಂತ ಮೀನುಗಾರರಿಗೆ ಒಂದು ಕೈ ಹೇಳುತ್ತೆ. ಅದೇ ಮಳೆಗಾಲದ ನೀರನ್ನು ‘ಹೆಚ್ಚುವರಿ’ ಅಂತ ಕರೆದು ಘಟ್ಟದ ಮೇಲಕ್ಕೆ ಪಂಪ್ ಮಾಡಲು ಇನ್ನೊಂದು ಕೈ ಪೈಪ್ ಹಾಕುತ್ತೆ. ಮೀನಿನ ಮರಿಗೆ ದೋಣಿ ಇಲ್ಲದಿದ್ದರೆ ಸಾಕು, ಅಳಿವೆಗೆ ಹೊಳೆ ಬಾರದಿದ್ದರೂ ನಡೆಯುತ್ತೆ ಅಂತ ಯಾವ ಲೆಕ್ಕದಲ್ಲಿ ಬರೆದಿದ್ದಾರೋ ಗೊತ್ತಿಲ್ಲ.

“ಹಾಗಾದರೆ ಅಳಿವೆಗಳನ್ನೆಲ್ಲ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿಬಿಡಿ” ಅಂತ ನೀವು ಹೇಳಬಹುದು. ಆನ್‌ಲೈನ್ ಪಿಟಿಷನ್ ಸಹಿ ಹಾಕೋಕೆ ಸುಲಭವಾದ ಬೇಡಿಕೆ. ನನಗೆ ಅದರಲ್ಲಿ ಎರಡು ತೊಡಕು ಕಾಣುತ್ತವೆ.

ಒಂದು, ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ರಾಷ್ಟ್ರೀಯ ಉದ್ಯಾನ ಅಂದರೆ ಒಳಗಿನ ಜನರ ಹಕ್ಕುಗಳನ್ನು ತೀರಿಸಿ, ಖಾಲಿ ಮಾಡಿ ಬೇಲಿ ಹಾಕುವ ವ್ಯವಸ್ಥೆ. ನಾಗರಹೊಳೆಯ ಜೇನುಕುರುಬರನ್ನು ಕೇಳಿದರೆ ಅದರ ರುಚಿ ಹೇಳ್ತಾರೆ. ಬಳಚು ಹೆಕ್ಕುವ ಹೆಂಗಸನ್ನೂ ಕಗ್ಗ ಬೆಳೆಯುವ ರೈತನನ್ನೂ ಹೊರಗಟ್ಟಿ ಉಳಿಸುವ ಅಳಿವೆ ಯಾರಿಗೆ ಬೇಕು? ತದಡಿಗೆ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ಬರುತ್ತೆ ಅಂದಾಗ ಬೀದಿಗಿಳಿದವರು ಅವರು. ನಾವು ಆಗ ಎಲ್ಲಿದ್ದೆವು?

ಎರಡನೆಯದು ಇನ್ನೂ ದೊಡ್ಡದು. ಬೋರ್ಡ್ ನೆಟ್ಟರೆ ನೀರು ಬರೋದಿಲ್ಲ. ಅಮೆರಿಕದ ಕೊಲರಾಡೊ ನದಿ ಮೆಕ್ಸಿಕೊದಲ್ಲಿ ಸಮುದ್ರ ಸೇರುವ ಜಾಗವನ್ನು 1993ರಲ್ಲಿ ಸಂರಕ್ಷಿತ ಜೀವಗೋಳ ಅಂತ ಘೋಷಿಸಿದರು. ಆದರೆ ಮೇಲಿನ ಅಣೆಕಟ್ಟೆಗಳು, ನಾಲೆಗಳು, ನಗರಗಳು ನೀರನ್ನೆಲ್ಲ ಕುಡಿದುಬಿಟ್ಟಿದ್ದರಿಂದ ನದಿಯೇ ಅಲ್ಲಿಗೆ ತಲುಪುತ್ತಿರಲಿಲ್ಲ. 2014ರಲ್ಲಿ ಎರಡೂ ದೇಶ ಸೇರಿ ಬೇಕಂತಲೇ ಒಂದಿಷ್ಟು ನೀರು ಬಿಟ್ಟಾಗ, ಒಣಗಿದ ಪಾತ್ರದಲ್ಲಿ ಹೊಳೆ ಬರುವುದನ್ನು ನೋಡೋಕೆ ಊರ ಜನ ಹಬ್ಬದ ಹಾಗೆ ಸೇರಿದ್ದರು. ಸುಂದರಬನದ ಕಥೆಯೂ ಅಷ್ಟೆ. ರಾಷ್ಟ್ರೀಯ ಉದ್ಯಾನ, ಹುಲಿ ಮೀಸಲು, ಯುನೆಸ್ಕೊ ಪಟ್ಟಿ ಎಲ್ಲ ಇದೆ. ಆದರೆ 1975ರಲ್ಲಿ ಫರಕ್ಕಾ ಬ್ಯಾರೇಜ್ ಶುರುವಾದ ಮೇಲೆ ಬಾಂಗ್ಲಾದೇಶದ ಕಡೆಗೆ ಬೇಸಿಗೆಯಲ್ಲಿ ಬರುವ ಸಿಹಿನೀರು ಇಳಿಯಿತು, ಉಪ್ಪು ಏರಿತು, ಆ ಕಾಡಿಗೆ ಹೆಸರು ಕೊಟ್ಟ ಸುಂದರಿ ಮರಗಳೇ ತುದಿಯಿಂದ ಒಣಗತೊಡಗಿದವು. ಅಳಿವೆಯನ್ನು ಉಳಿಸುವ ಬೇಲಿ ಅಳಿವೆಯ ಸುತ್ತ ಇರೋದಿಲ್ಲ. ಅಘನಾಶಿನಿಯ ಅಳಿವೆಯ ಗಡಿ ಶಿರಸಿಯಲ್ಲಿದೆ. ಅದಕ್ಕೇ ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾವಗಳನ್ನು ಕೇಳಿದಾಗ ನನಗೆ ಭಯ ಆಗೋದು.

ಇನ್ನು ಗಟ್ಟಿ ಆಕ್ಷೇಪಕ್ಕೆ ಬರ್ತೀನಿ. ಕೋಲಾರ, ಚಿಕ್ಕಬಳ್ಳಾಪುರದ ಜನ ಸಾವಿರ ಅಡಿ ಕೊರೆದು ಫ್ಲೋರೈಡ್ ನೀರು ಕುಡೀತಿದ್ದಾರೆ. ಅವರಿಗಿಂತ ಬಳಚು ಮುಖ್ಯವಾ? ಈ ಪ್ರಶ್ನೆಗೆ ಪರಿಸರದವರು ಮುಖ ತಿರುಗಿಸಬಾರದು. ಕೋಲಾರದವರಿಗೆ ನೀರು ಸಿಗಲೇಬೇಕು. ಆದರೆ ಎತ್ತಿನಹೊಳೆ ನೋಡಿ. 24.01 ಟಿಎಂಸಿ ಸಿಗುತ್ತೆ ಅಂತ ಹೊರಟು, ಸುಮಾರು ಎಂಟು ಸಾವಿರ ಕೋಟಿ ಇದ್ದ ಅಂದಾಜು 23 ಸಾವಿರ ಕೋಟಿ ದಾಟಿತು. 2014ರಲ್ಲಿ ಶಂಕುಸ್ಥಾಪನೆ, ಮೊದಲ ಹಂತದ ಉದ್ಘಾಟನೆ 2024ರಲ್ಲಿ, ಅದೂ ಸಕಲೇಶಪುರದ ಹತ್ತಿರ. ಕೋಲಾರದ ಕೊಡ ಅಲ್ಲಿಂದ ಬಹಳ ದೂರ. ಇದೇ ಹೊತ್ತಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲೇ ಶುರುವಾಯಿತು. ಅದನ್ನು ಮೂರನೇ ಹಂತದವರೆಗೆ ಶುದ್ಧೀಕರಿಸಿ ಕೊಡಿ ಅಂತ ಅಲ್ಲಿಯ ರೈತರು ಕೇಳುತ್ತಿರುವುದು ನ್ಯಾಯವಾದ ಬೇಡಿಕೆ. ನಿಜವಾದ ವ್ಯರ್ಥ ನೀರು ಎಲ್ಲಿದೆ ಅಂತ ಹುಡುಕಬೇಕಿದ್ದರೆ ನಮ್ಮ ಫ್ಲಶ್ ಟ್ಯಾಂಕು, ತೇಪೆ ಹಾಕಿದ ಪೈಪು, ಹೂಳು ತುಂಬಿದ ಕೆರೆಗಳಿಂದ ಶುರು ಮಾಡೋಣ. ಕಡಲು ಸಾಲಿನ ಕೊನೆಯಲ್ಲಿ ಬರಲಿ.

ನಾಲೆ ಊರಲ್ಲಿ ಬೆಳೆದವರಿಗೆ ಒಂದು ಸತ್ಯ ಗೊತ್ತಿರುತ್ತೆ. ತೂಬಿನ ಹತ್ತಿರ ಗದ್ದೆ ಇರುವವನಿಗೆ ಕೆಳಗೆ ಹರಿಯುವ ನೀರೆಲ್ಲ ಹೆಚ್ಚುವರಿಯಾಗಿಯೇ ಕಾಣುತ್ತೆ. “ಸುಮ್ನೆ ಹರಿದು ಹೋಗ್ತಿತ್ತು, ಅದಕ್ಕೇ ತಿರುಗಿಸ್ಕೊಂಡೆ ಕಣಣ್ಣ” ಅಂತಾನೆ. ನಾಲೆಯ ಕೊನೇ ಭಾಗದವನು ನೀರ್ಗಂಟಿಯ ಹಿಂದೆ ಅಲೆದೂ ಅಲೆದೂ, ಕೊನೆಗೆ ಬಿರುಕುಬಿಟ್ಟ ಗದ್ದೆ ಬದುವಿನ ಮೇಲೆ ಕೂರ್ತಾನೆ. ಅವನ ಪಾಲು ಕಾಗದದಲ್ಲಿದೆ, ನಾಲೆಯಲ್ಲಿಲ್ಲ. ಅಳಿವೆ ಅಂದರೆ ಇಡೀ ನದಿಯ ಕೊನೇ ಭಾಗದ ರೈತ. ಒಂದೇ ವ್ಯತ್ಯಾಸ, ಅವನ ಪಾಲು ಕಾಗದದಲ್ಲೂ ಇಲ್ಲ. ಇದ್ದರೂ ‘ತಪ್ಪಿಸಿಕೊಂಡು ಹೋದದ್ದು’ ಅಂತ ಬರೆದಿದ್ದಾರೆ. ತಮಿಳುನಾಡಿನ ಎದುರು ನಮ್ಮ ಪಾಲಿಗೆ ಜೀವ ಬಿಟ್ಟು ಹೋರಾಡುವ ನಾವು, ನಮ್ಮದೇ ಮೀನುಗಾರನ ಪಾಲನ್ನು ಪಾಲು ಅಂತಲೇ ಒಪ್ಪೋದಿಲ್ಲ.

ಸಾಫ್ಟ್‌ವೇರ್‌ನವರಿಗೆ ನಮ್ಮ ಭಾಷೆಯಲ್ಲೇ ಹೇಳ್ತೀನಿ. ಸರ್ವರ್ 40 ಪರ್ಸೆಂಟ್ ಖಾಲಿ ಇದೆ ಅಂತ ಫೈನಾನ್ಸ್‌ನವರು ಅದನ್ನು ಕಿತ್ತುಹಾಕೋಕೆ ಬಂದರೆ ನಾವೇನು ಹೇಳ್ತೀವಿ? ಅದು ಖಾಲಿ ಅಲ್ಲ ಸ್ವಾಮಿ, ಸಿಸ್ಟಮ್ ನಿಂತಿರೋದೇ ಅದರಿಂದ ಅಂತೀವಿ. ನದಿಗೆ ಬಂದಾಗ ಮಾತ್ರ ನಾವೇ ಫೈನಾನ್ಸ್‌ನವರಾಗಿಬಿಡ್ತೀವಿ.

ಬೇಡಿಕೆ ದೊಡ್ಡದೇನಲ್ಲ. ಯಾವುದೇ ನೀರಾವರಿ, ಕುಡಿಯುವ ನೀರಿನ ಯೋಜನೆಯ ವರದಿಯಲ್ಲಿ ಒಂದು ಪುಟ ಇರಲಿ: ಈ ನದಿಯ ಬಾಯಿಗೆ ಯಾವ ತಿಂಗಳು ಎಷ್ಟು ನೀರು, ಎಷ್ಟು ಹೂಳು ತಲುಪಬೇಕು, ನಮ್ಮ ಯೋಜನೆಯಿಂದ ಎಷ್ಟು ಕಡಿಮೆಯಾಗುತ್ತೆ, ಅದರಿಂದ ಯಾರ ದುಡಿಮೆ ಹೋಗುತ್ತೆ. ಆ ಪುಟ ಬರೆಯುವಾಗ ಎಂಜಿನಿಯರುಗಳ ಪಕ್ಕದಲ್ಲಿ ಬಳಚು ಹೆಕ್ಕುವವರು, ಕಗ್ಗದ ರೈತರು, ನಾಡದೋಣಿಯವರು ಕೂತಿರಲಿ. ಅಘನಾಶಿನಿಯನ್ನಾದರೂ ಶಿರಸಿಯಿಂದ ತದಡಿಯವರೆಗೆ ಅಣೆಕಟ್ಟೆ, ತಿರುವು ಇಲ್ಲದ ಹೊಳೆಯಾಗಿ ಉಳಿಸುತ್ತೇವೆ ಅಂತ ಕಾನೂನು ಆಗಲಿ. ಬೇಕಿದ್ದರೆ ಆಮೇಲೆ ಅದಕ್ಕೆ ಉದ್ಯಾನ ಅನ್ನಿ, ಧಾಮ ಅನ್ನಿ, ನಿಮಗೆ ಇಷ್ಟವಾದ ಬೋರ್ಡ್ ನೆಡಿ.

ನೀರು ತೆಗೆದುಕೊಳ್ಳಲೇಬೇಕಾದ ಕಡೆ ತೆಗೆದುಕೊಳ್ಳೋಣ, ನಮ್ಮೂರೂ ತೆಗೆದುಕೊಂಡಿದೆ. ಆದರೆ ತೆಗೆದುಕೊಂಡಾಗ ‘ತೆಗೆದುಕೊಂಡೆವು’ ಅನ್ನೋಣ. ಈ ಮಳೆಗಾಲದಲ್ಲಿ ಟಿವಿಯಲ್ಲಿ ಮತ್ತೆ ಯಾರಾದರೂ ‘ವ್ಯರ್ಥವಾಗಿ ಸಮುದ್ರಪಾಲು’ ಅಂದಾಗ, ಪಕ್ಕದಲ್ಲಿ ಕೂತವರನ್ನು ಒಂದು ಪ್ರಶ್ನೆ ಕೇಳಿ ನೋಡಿ: ಅಲ್ಲಪ್ಪ, ಆ ನೀರು ಯಾರ ಪಾಲಿನದು?